ಕತ್ತರಿ ನಿಂತ ಗಳಿಗೆ

ಯುದ್ಧಕ್ಕೆ ಮೊದಲಿನ ಮೌನ, ಸಿಡಿಲಿಗೆ ಮೊದಲಿನ ಮೌನ ಎಂದೆಲ್ಲ ದೊಡ್ಡವರು ಬರೆದಿದ್ದಾರೆ. ಪಾಪ, ಅವರ್ಯಾರೂ ನಮ್ಮ ಬೀದಿಯ ಕ್ಷೌರಿಕರಿಗೆ ಕುತ್ತಿಗೆ ಒಪ್ಪಿಸಿ ಕೂತವರಲ್ಲ. ಕಚಕಚ ಓಡುವ ಅವರ ಕತ್ತರಿ ನಡುವೆ ಒಮ್ಮೆ ಥಟ್ಟನೆ ನಿಲ್ಲುತ್ತದೆ. ಆ ಮೌನದಲ್ಲಿ ಸಾಮ್ರಾಜ್ಯಗಳು ಉರುಳಿವೆ. ತಮ್ಮನ ಸಂಸಾರದ ಜೊತೆ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದ ಗುಮಾಸ್ತರೊಬ್ಬರು, ಕತ್ತರಿ ನಿಂತದ್ದೇ ತಡ, "ನಂಗೆ ಬೇರೆ ಮನೆ ಬೇಕು!" ಎಂದು ಕಿರುಚಿ, ಅರ್ಧ ಕ್ಷೌರದ ತಲೆಯಲ್ಲೇ ಮನೆ ಹುಡುಕಲು ಹೊರಟರು. ಮನಸ್ಸಿನಲ್ಲಿ ಹೂತಿಟ್ಟದ್ದೆಲ್ಲ ಆ ಕುರ್ಚಿಯಲ್ಲಿ ಎದ್ದು ಬರುತ್ತದೆ ಎಂಬ ಭಯಕ್ಕೇ ನಮ್ಮ ಬೀದಿಯಲ್ಲಿ ಕೂದಲು ಬೆಳೆಸಿಕೊಂಡ ಗಂಡಸರು ಜಾಸ್ತಿ. ಕ್ಷೌರಿಕರದ್ದು ಬೋಳುತಲೆ. ಕತ್ತರಿಗೆ ಮೊದಲ ಬಲಿ ಅವರೇ ಎಂದು ಪ್ರತೀತಿ.

ಅಂಥ ಕುರ್ಚಿಗೆ ಒಂದು ಸಂಜೆ ಐಸ್ ಫ್ಯಾಕ್ಟರಿ ಯಜಮಾನರ ಅಳಿಯ ಬಂದು ಕೂತ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಹುಡುಗ. ಮರುದಿನ ಬೆಳಗ್ಗೆ ಮಾವ ಫ್ಯಾಕ್ಟರಿಯ ಬೀಗದ ಕೈ ಕೊಡುವವರಿದ್ದರು. ತೆಗೆದುಕೊಂಡರೆ ಬೇಕರಿ ಬಿಡಬೇಕು, ಬೇಡವೆಂದರೆ ಫ್ಯಾಕ್ಟರಿ ಪರರ ಪಾಲು. ಯೋಚಿಸಿ ಯೋಚಿಸಿ ಅವನ ಕಣ್ಣುಗಳು ಗುಳಿಬಿದ್ದಿದ್ದವು. ಸಿಕ್ಕಸಿಕ್ಕವರನ್ನೆಲ್ಲ ಸಲಹೆ ಕೇಳಿದ್ದ. ನನ್ನನ್ನೂ ಕೇಳಿದ್ದನೆಂದರೆ ಪರಿಸ್ಥಿತಿ ಎಷ್ಟು ಹದಗೆಟ್ಟಿತ್ತು ನೋಡಿ. ಹೆಂಡತಿ, "ರೀ, ನಿಮಗೇನು ಬೇಕು ಅಂತ ಬಾಯಿ ಬಿಟ್ಟು ಹೇಳಿ, ಅಪ್ಪಂಗೆ ನಾನು ಹೇಳ್ತೀನಿ" ಎಂದರೆ, "ಅದನ್ನೇ ಯೋಚಿಸ್ತಿದೀನಿ ಕಣೇ" ಎಂದು ಗೋಡೆಯತ್ತ ತಿರುಗುತ್ತಿದ್ದ.

ಬಿಳಿ ಬಟ್ಟೆ ಅವನ ಕುತ್ತಿಗೆಗೆ ಬಿಗಿಯಿತು. ಹೊರಗೆ ಮೋಡ ಕವಿಯಿತು, ಒಳಗೆ ದೀಪ ಮಿಣುಕಿತು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಾನು ಯಾಕೋ ಕಾಲುಗಳನ್ನು ಒಳಗೆಳೆದುಕೊಂಡೆ. ಬಾಗಿಲು ಕಿರ್ರೆಂದಿತು. ಬಂದವರು ಸಾಕ್ಷಾತ್ ಮಾವ! ನನ್ನ ಪಕ್ಕದಲ್ಲೇ ಕೂತರು. ಆಯಸ್ಸೆಲ್ಲ ಮಂಜುಗಡ್ಡೆ ಹೊತ್ತ ಕೈ, ಬೆರಳ ತುದಿಗಳು ನೀಲಿ. ಬೆಂಚೇ ತಣ್ಣಗಾದಂತಾಯಿತು.

"ಏನು ಅಳಿಯಂದ್ರೆ, ನಾಳೆಗೆ ತಲೆ ಸಿದ್ಧ ಆಗ್ತಿದ್ಯಾ?"

"ಹೂಂ ಮಾವ... ಅಂದ್ರೆ, ಇನ್ನೂ ಯೋಚನೆ..."

"ಇನ್ನೂ ಯೋಚನೇನಾ? ಕಾವಿಗೆ ಕೂತ ಕೋಳಿನೂ ಇಷ್ಟೊತ್ತಿಗೆ ಎದ್ದು ಹೋಗಿರ್ತಿತ್ತು!"

ಕತ್ತರಿ ಹಿಂದಲೆಯಿಂದ ಮೆಲ್ಲಗೆ ಪಕ್ಕಕ್ಕೆ ಹೊರಳಿತು. ಕಚಕಚ. ಕಚಕಚ. ಕಚ್.

ನಿಂತಿತು.

ಬೀದಿ ನಾಯಿ ಬೊಗಳುವುದನ್ನು ಮರೆಯಿತು. ಕನ್ನಡಿಯಲ್ಲಿ ಅಳಿಯನ ಕಣ್ಣುಗಳು ತಟ್ಟೆಯಷ್ಟಾದವು.

"ನಂಗೆ ಒಲೆ ಬೇಕು ಮಾವ! ನಿಮ್ಮ ಆ ಚಳಿ ಗೂಡಲ್ಲಿ ನಾನು ಸತ್ತೇ ಹೋಗ್ತೀನಿ! ಬೆಳಗಾಗೆದ್ದು ಬ್ರೆಡ್ ಉಬ್ಬೋದು ನೋಡ್ಬೇಕು, ಅಷ್ಟೇ!"

ಹೇಳಿದವನೇ ಆಮೆಯಂತೆ ತಲೆಯನ್ನು ಬಟ್ಟೆಯೊಳಗೆ ಎಳೆದುಕೊಂಡ. ಮಾವ ಎದ್ದರು. ನಾನು ಮನಸ್ಸಿನಲ್ಲೇ ಹುಡುಗನಿಗೊಂದು ಶ್ರದ್ಧಾಂಜಲಿ ಸಲ್ಲಿಸಿದೆ. ಅವರು ಅವನ ಹೆಗಲ ಮೇಲೆ ನೀಲಿ ಬೆರಳುಗಳನ್ನಿಟ್ಟು ಕನ್ನಡಿಯಲ್ಲೇ ದಿಟ್ಟಿಸಿದರು.

"ನಾಳೆ ಬೀಗದ ಕೈ ಬೇರೆಯವರಿಗೆ ಹೋಗುತ್ತೆ. ಆಮೇಲೆ ಬಂದು ಕೇಳ್ಬಾರ್ದು."

"ಕೇಳಲ್ಲ ಮಾವ."

ಎಷ್ಟೋ ದಿನಗಳ ನಂತರ ಅವನ ಬಾಯಿಂದ 'ಅಂದ್ರೆ' ಇಲ್ಲದ ಮಾತು ಬಂದಿತ್ತು. ಅದು ಮಾವನಿಗೂ ತಿಳಿಯಿತೆಂದು ಕಾಣುತ್ತದೆ, ಕೈ ತೆಗೆದರು. ಆದರೆ ಕೋಪ ಎಲ್ಲಾದರೂ ಇಳಿಯಬೇಕಲ್ಲ? ಕ್ಷೌರಿಕರತ್ತ ತಿರುಗಿದರು.

"ರೀ ಮಂತ್ರವಾದಿಗಳೇ! ಮನೆ ಹುಡುಗನ್ನ ಹೀಗೆ ಮಾಡಿದ್ರಲ್ಲ. ಸರಿಯಾಗಿ ಆ ಗಳಿಗೇಲೇ ಕತ್ತರಿ ನಿಲ್ಲಿಸಿದ್ದು ಯಾಕೆ? ನಿಜ ಹೇಳಿ!"

ಕ್ಷೌರಿಕರು ಕತ್ತರಿಗೆ ಅಂಟಿದ ಕೂದಲನ್ನು ಉಫ್ ಎಂದು ಊದಿದರು.

"ಕಿವಿ ಅಡ್ಡ ಬಂತು ಸಾರ್."