ಮೂರು ವರ್ಷದ ಬಾಣಂತನ

ಇದು ಆಗದ ಮಾತು ಎಂದವನು ಲಿಂಗಸುಗೂರಿನ ನನ್ನ ಸೋದರಮಾವ. ನಾನು ಪಿಯುಸಿ ಪಾಸಾದ ಪೇಡೆ ಬಾಯಲ್ಲಿಟ್ಟುಕೊಂಡೇ ಅಂದ: "ನಮ್ಮ ಕೇರ್ಯಾಗ ಯಾರರೆ ಡಿಗ್ರಿ ಮಾಡ್ಯಾರೇನು? ಅದೂ ಹೆಣ್ಣುಹುಡುಗಿ. ಸುಮ್ನ ಮದಿವಿ ಮಾಡ್ರಿ."

ನಮ್ಮ ಕಟ್ಟೆಯ ಮೇಲೆ ಕೂತು ಕಾಲ್ಬೆರಳ ಸಂದಿಗೆ ಅರಿಶಿನ, ಎಣ್ಣೆ ಹಚ್ಚಿಕೊಳ್ಳುತ್ತಿದ್ದ ದೊಡ್ಡವ್ವ ತಲೆ ಎತ್ತಲಿಲ್ಲ. ಗದ್ದೆಯ ನೀರಿನಲ್ಲಿ ನಿಂತೂ ನಿಂತೂ ಆ ಸಂದಿಗಳು ಬೆಳ್ಳಗೆ ಒಡೆದಿದ್ದವು. ಉಗುರುಗಳಿಗೆ ಕೆಸರಿನ ಬಣ್ಣ ಹತ್ತಿ ಹಾಗೇ ಉಳಿದಿತ್ತು. "ಮೊದಲ ಪೇಡೆ ನುಂಗು ತಮ್ಮಾ, ಆಮ್ಯಾಲೆ ಮಾತಾಡು," ಅಂದಳು.

ಆಕೆ ನನಗೆ ರಕ್ತಸಂಬಂಧಿಯಲ್ಲ. ಜವಳಗೇರಾ ಕಡೆಯ ಕಾಲುವೆ ನೆಲದಲ್ಲಿ ಭತ್ತದ ನಾಟಿಗೆ ಹೋಗುವ ನಮ್ಮ ಕೇರಿ ಹೆಂಗಸರ ಗುಂಪಿಗೆ ಮೇಸ್ತ್ರಿ. ಕೇರಿಗೆಲ್ಲ ದೊಡ್ಡವ್ವ. ಸಾಲು ಸೊಟ್ಟಗಾದರೆ ಬೈಯುತ್ತಿದ್ದಳು. ಬೈದಾಕೆಗೇ ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದಳು.

ಅಪ್ಪ ಇರಲಿಲ್ಲ. ಅವ್ವ ಮತ್ತು ನಾನು ಇಬ್ಬರೂ ಗದ್ದೆಗಿಳಿದರೆ ಮಾತ್ರ ಮನೆ ನಡೆಯುತ್ತಿತ್ತು. ನಾಟಿ ಶುರುವಾಗುವುದೋ, ಕಾಲೇಜು ಜೋರಾಗಿ ನಡೆಯುವ ದಿನಗಳಲ್ಲೇ. ನಾನು ಕಾಲೇಜಿಗೆ ಹೋದರೆ ನನ್ನ ಕೂಲಿ ಇಲ್ಲ. ಕೂಲಿಗೆ ಹೋದರೆ ಕಾಲೇಜಿಲ್ಲ.

ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ಬಾಣಂತಿಯಾದರೆ ಆಕೆಯ ಸಾಲಿನ ಸಸಿಗಳನ್ನು ಉಳಿದವರೇ ಹಚ್ಚುತ್ತಾರೆ, ಆಕೆಯ ಪಾಲಿನ ಕೂಲಿ ತಪ್ಪದೆ ಮನೆಗೆ ಹೋಗುತ್ತದೆ. ಒಂದು ಮುಂಜಾನೆ, ಟ್ರ್ಯಾಕ್ಟರ್ ಹೊರಡುವ ಮುಂಚೆ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ದೊಡ್ಡವ್ವ ಗುಂಪಿಗೆ ಹೇಳಿದಳು: "ಇವತ್ತಿಂದ ಇಕಿನ್ನ ಬಾಣಂತಿ ಅಂತ ತಿಳಕೋರಿ."

ಟ್ರೇಲರ್ ತುಂಬ ನಗೆ.

"ಅಯ್ಯ, ಮದಿವಿ ಯಾವಾಗ ಆತ ಬೇ?"

"ಏನ್ ಹಡಿತಾಳಂತ ದೊಡ್ಡವ್ವ?"

"ಡಿಗ್ರಿ ಹಡಿತಾಳ. ಮೂರು ವರ್ಷ ಹಿಡಿತೈತಿ."

"ಆನಿ ಹಡಿಯಾಕೂ ಇಷ್ಟು ದಿನ ತಗೊಳಂಗಿಲ್ಲ ತಗಿ!"

ನಗದೆ ಕೂತವಳು ಒಬ್ಬಳೇ, ನಮ್ಮ ಓಣಿಯ ಮುದುಕಿ. "ನನ್ನ ಮಗಳು ಏಳನೇತ್ತಿಗೆ ಶಾಲಿ ಬಿಟ್ಟು ಇದಾ ಟ್ರ್ಯಾಕ್ಟರ್ ಹತ್ತಿದ್ಲು. ಆಕಿಗಿಲ್ಲದ್ದು ಇಕಿಗ್ಯಾಕ?"

ದೊಡ್ಡವ್ವ ಮುದುಕಿಯ ಕಡೆ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಆವಾಗ ನನಗ ಹೊಳೀಲಿಲ್ಲವಾ," ಅಂದಳು. "ನಿನ್ನ ಮೊಮ್ಮಗಳ ಪಾಳಿ ಬಂದಾಗ ನೆಪ್ಪ ಮಾಡು."

ಮುದುಕಿ ಒಪ್ಪಿದಳು ಎನ್ನಲಾರೆ. ಗೊಣಗುತ್ತಲೇ ನನ್ನ ಸಾಲು ಹಚ್ಚಿದಳು. ಮೂರು ವರ್ಷವೂ ಗೊಣಗಿದಳು, ಮೂರು ವರ್ಷವೂ ಹಚ್ಚಿದಳು.

ಕೂಲಿಯ ಚಿಂತೆ ತೀರಿತು, ಬಸ್ಸಿನ ಚಿಂತೆ ಹಾಗೇ ಇತ್ತು. ಸಿಂಧನೂರಿನ ಬಸ್ಸು ಊರ ಮುಂದೆ ನಿಲ್ಲುತ್ತಿತ್ತು, ನಮ್ಮ ಕೇರಿ ಮುಂದೆ ಇಲ್ಲ. ಕೈ ಮಾಡಿದರೂ ಧೂಳೆಬ್ಬಿಸಿ ಹೋಗುತ್ತಿತ್ತು. ಊರ ಮುಂದಕ್ಕೆ ನಡೆದು ಹೋದರೆ ಅಲ್ಲಿಯ ಹುಡುಗರ ಮಾತು ಕೇಳಬೇಕು. ನಾನು ಅಳುತ್ತ ತಿರುಗಿ ಬಂದದ್ದನ್ನು ದೊಡ್ಡವ್ವ ಕಂಡಳು. ಮರುದಿನ ಇಡೀ ಗುಂಪು ಗದ್ದೆಯಲ್ಲಿ ಸಾಲು ಹಿಡಿದಂತೆಯೇ ರಸ್ತೆಗೆ ಅಡ್ಡಲಾಗಿ ನಿಂತಿತು. ಬಸ್ಸು ಕಿರುಗುಟ್ಟಿ ನಿಂತಿತು.

"ಏ ಯವ್ವಾ, ಸರೀರಿ! ಇಲ್ಲಿ ಸ್ಟಾಪ್ ಇಲ್ಲ," ಡ್ರೈವರ್ ಕೂಗಿದ.

"ಸ್ಟಾಪ್ ಇಲ್ಲಂದ್ರ ನೀ ಹೆಂಗ ನಿಂತಿಯಪ್ಪ?" ದೊಡ್ಡವ್ವ ಕೇಳಿದಳು.

ಬಸ್ಸಿನೊಳಗಿನವರೂ ನಕ್ಕರು. ನಾನು ಹತ್ತಿದೆ. ಸಿಂಧನೂರಿನ ಕಚೇರಿಯಿಂದ ಕೇರಿಗೆ ಸ್ಟಾಪ್ ಮಂಜೂರಾಗುವವರೆಗೆ ದಿನಾ ಮುಂಜಾನೆ ಅವರು ಮೊದಲು ರಸ್ತೆಯಲ್ಲಿ ನಿಂತು, ಆಮೇಲೆ ಗದ್ದೆಗೆ ಹೋದರು. ದೊಡ್ಡವ್ವನೇ ಅರ್ಜಿ ಹಿಡಿದು ಅಲೆದಳು. ಒಳಗೆ ಬಿಡದಿದ್ದರೆ ಬಾಗಿಲಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದಳು. ಮರುವರ್ಷ ಅದೇ ಸ್ಟಾಪಿನಲ್ಲಿ ಇನ್ನೂ ಇಬ್ಬರು ಹುಡುಗಿಯರು ಬಸ್ಸಿಗೆ ಕಾಯತೊಡಗಿದರು. ಒಬ್ಬಳು ಮಸ್ಕಿಯಲ್ಲಿ ಓದು ಬಿಟ್ಟು ಅಜ್ಜಿಯ ಮನೆಗೆ ಬಂದು ಕೂತವಳು. ದೊಡ್ಡವ್ವ ಆಕೆಯ ಸಾಲನ್ನೂ ಗುಂಪಿಗೆ ಹಂಚಿದಳು.

ನನ್ನ ಕಡೆಯ ಪರೀಕ್ಷೆ ಮುಗಿದ ಮೇಲೆ ಬಂದ ಮಳೆಗಾಲದಲ್ಲಿ ದೊಡ್ಡವ್ವ ಜ್ವರದಿಂದ ಮಲಗಿದಳು, ಏಳಲಿಲ್ಲ. ಪಾಸಾದ ಸುದ್ದಿ ಮಾತ್ರ ಕೇಳಿದ್ದಳು. "ಇನ್ನ ನೌಕರಿ ಹಿಡಿಯೂಮಟ ನನ್ನ ಮುಂದ ಅಳಬ್ಯಾಡ," ಅಂದಿದ್ದಳು.

ನಮ್ಮ ಕೇರಿಯ ಮೊದಲ ಪದವೀಧರೆ ನಾನು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಪ್ರಮಾಣಪತ್ರ ಇಸಿದುಕೊಳ್ಳಲು ಸಿಂಧನೂರಿನ ಕಾಲೇಜಿಗೆ ಅವ್ವನೂ ಬಂದಿದ್ದಳು. ಗುಮಾಸ್ತರು ಕಿಟಕಿಯಿಂದ ಕೊಟ್ಟರು. ನಾನು ಅವ್ವನ ಕೈಗಿತ್ತೆ.

"ಓದು," ಅಂದಳು.

ನನ್ನ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು ಬೆರಳಿಟ್ಟು ತೋರಿಸಿದೆ. ಅವ್ವ ಇನ್ನೂ ಕಾಯುತ್ತಿದ್ದಳು.

"ಮುಗೀತೇನು?"

"ಮುಗೀತವ್ವ."

ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕಿಟಕಿಯ ಒಳಕ್ಕೆ ಬಗ್ಗಿ, ಮೆಲ್ಲಗೆ ಗುಮಾಸ್ತರಿಗೆ ಹೇಳಿದಳು: "ಸಾಹೇಬ್ರ, ಒಂದು ಹೆಸರು ಬಿಟ್ಟೀರಿ ನೋಡ್ರಿ."