ಪೂಜೆಗಿಟ್ಟ ಕತ್ತರಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಿಕೊಳ್ಳಲಿ. ಆದರೆ ಆ ಒಂದು ಆಯುಧಪೂಜೆಯ ದಿನ ಮಾತ್ರ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ನನಗೆ ತಿಳಿಯಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮೂರು ತೆಲಿಗಿಯಿಂದ ಒಂದಿಷ್ಟು ಒಳಗೆ. ಅಪ್ಪ ಟೇಲರ್, ಬಸ್ ನಿಲ್ಲುವ ಕಡೆ ಒಂದು ಡಬ್ಬಿ ಅಂಗಡಿಯಲ್ಲಿ ಮಷಿನ್ನು ಹಾಕಿಕೊಂಡಿದ್ದ. ಬಟ್ಟೆ ಹೊಲಿಯುವುದರ ಜೊತೆಗೆ ಊರು ಅಪ್ಪನಿಗೆ ಇನ್ನೊಂದು ಕೆಲಸ ಕೊಟ್ಟಿತ್ತು. ಬನ್ನಿಹಬ್ಬದ ಸಂಜೆ ನಮ್ಮಲ್ಲಿ ಬನ್ನಿಗಿಡದ ಮುಂದೆ ಬಾಳೆಕಂಬ ನೆಟ್ಟು, ಗೌಡರು ಅದಕ್ಕೆ ಅಂಬು ಹೊಡೆಯುತ್ತಾರೆ. ಅಂಬು ನೆಟ್ಟ ಮೇಲೆಯೇ ಜನ ಬನ್ನಿ ಮುಡಿಯುವುದು. ಆ ಅಂಬನ್ನು ಗುಡಿಯಲ್ಲಿ ಇಡುತ್ತಿದ್ದರು, ಅದರ ಬುಡದ ಗರಿಗಳನ್ನು ಇಲಿ, ಹುಳು ವರ್ಷವೆಲ್ಲ ತಿಂದು ಹಾಕಿರುತ್ತಿದ್ದವು. ಹೊಸ ಗರಿ ಕತ್ತರಿಸಿ, ಅಂಟಿಸಿ, ದಾರ ಸುತ್ತಿಕೊಡುವುದು ಅಪ್ಪನ ಪಾಲಿನದು. ಉಚ್ಚಂಗಿದುರ್ಗದ ಕಡೆಯ ಗಿರಾಕಿಯೊಬ್ಬರು ಹೊಲದಲ್ಲಿ ನವಿಲು ಉದುರಿಸಿದ ರೆಕ್ಕೆಗರಿಗಳನ್ನು ಆರಿಸಿ ತಂದುಕೊಡುತ್ತಿದ್ದರು. ಅಪ್ಪ ಈ ಕೆಲಸವನ್ನೆಲ್ಲ ಅಂಗಡಿಯಲ್ಲೇ ಮುಗಿಸುತ್ತಿದ್ದ. ಗರಿಯನ್ನು ಯಾವುದರಿಂದ ಕತ್ತರಿಸುತ್ತಾನೆಂದು ಮನೆಯಲ್ಲಿ ಯಾರೂ ಕೇಳಿದವರಲ್ಲ.

ಆ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ದಾವಣಗೆರೆಯ ಆಸ್ಪತ್ರೆಯಿಂದ ಜೀವ ಒಂದು ವಾಪಸು ಬಂತು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಏನು ಕೇಳಿದರೂ ‘ಊಂ’ ಎಂಬ ಒಂದೇ ಸದ್ದು. ಹೌದಾದರೂ ಊಂ, ಅಲ್ಲವಾದರೂ ಊಂ. ಅಂಗಡಿ ಮುಚ್ಚಿ ಸಾಮಾನೆಲ್ಲ ಮನೆಗೆ ತಂದಿದ್ದೆವು. ಕೊಟ್ಟೂರಿನಲ್ಲಿ ಟೀಚರಾಗಿದ್ದ ನಾನು ದಸರೆ ರಜೆಗೆ ಬಂದಿದ್ದೆ. ಈ ಸಲ ಅಂಬಿನ ಕೆಲಸಕ್ಕೆ ಊರವರು ಬೇರೆ ಯಾರನ್ನಾದರೂ ನೋಡಿಕೊಂಡಿರುತ್ತಾರೆ ಎಂದು ನಾವು ಅಂದುಕೊಂಡಿದ್ದೆವು.

ಆಯುಧಪೂಜೆಯ ಬೆಳಗ್ಗೆ ಅವ್ವ ಮಷಿನ್ನು, ಇಸ್ತ್ರಿ ಪೆಟ್ಟಿಗೆ, ದೊಡ್ಡ ಕತ್ತರಿ, ಸಣ್ಣ ಕತ್ತರಿ, ಕುಡುಗೋಲು, ಚಾಕು, ಈಳಿಗೆಮಣೆ ಎಲ್ಲವನ್ನೂ ತೊಳೆದು, ವಿಭೂತಿ ಬಳಿದು, ಸಾಲಾಗಿ ಪೂಜೆಗಿಟ್ಟಳು. ಒಮ್ಮೆ ಪೂಜೆಗಿಟ್ಟರೆ ಮುಗಿಯಿತು. ಮರುದಿನ ಬನ್ನಿ ಮನೆಗೆ ಬರುವ ತನಕ ಅವನ್ನು ಮುಟ್ಟುವಂತಿಲ್ಲ. ಅವತ್ತು ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಕಾಯಿಪಲ್ಯ ಹೆಚ್ಚುವುದಿಲ್ಲ.

ಮಧ್ಯಾಹ್ನ ಗೌಡರ ತಮ್ಮ ಅಂಬು ಹಿಡಿದುಕೊಂಡು ಬಂದ. ಅಪ್ಪನಿಗಿಂತ ಬಹಳ ಚಿಕ್ಕವನು, ಅಪ್ಪನನ್ನು ಕಾಕಾ ಎನ್ನುವವನು.

“ಈ ಸಲ ಹೆಂಗ್ ಮಾಡೂದು ಅಂತ ಕೇಳಾಕ ಬಂದೆ ಕಾಕಾ. ಆಗಂಗಿಲ್ಲಂದ್ರ ಬಿಡ್ರಿ, ಏನಾರ ಮಾಡ್ತೀವಿ.”

ಅಪ್ಪ ಎಡಗೈ ಚಾಚಿದ. ಅಂಬನ್ನು ಇಸಿದುಕೊಂಡು ಎದೆಗೆ ಒತ್ತಿಕೊಂಡ. ಲಕ್ವ ಹೊಡೆದ ಮೇಲೆ ಅಪ್ಪನ ಕಣ್ಣಲ್ಲಿ ಜೀವ ನೋಡಿದ್ದು ಅವತ್ತೇ. ಆ ಕೆಲಸ ಕೈಬಿಟ್ಟರೆ ಊರಲ್ಲಿ ತಾನು ಬರೀ ರೋಗಿಯಾಗಿ ಉಳಿಯುತ್ತೇನೆಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. “ನಾಳೆ ಮಧ್ಯಾಹ್ನದೊಳಗ ಕೊಡ್ತೀವಿ, ನೀ ಹೋಗಣ್ಣ” ಎಂದುಬಿಟ್ಟೆ.

ಹೇಳಿಯಾದ ಮೇಲೆ ಹೊಳೆಯಿತು, ಮನೆಯಲ್ಲಿ ಕತ್ತರಿಸುವ ವಸ್ತು ಅಂತ ಒಂದೂ ಇಲ್ಲ.

“ಅವ್ವಾ, ಒಂದ್ ಕತ್ತರಿ ತಗೋತೀನಿ.”

“ಕೈ ಮುರೀತೀನಿ ನೋಡು! ಮೊದ್ಲ ಮನ್ಯಾಗ ಇಂಥಾದ್ದಾಗೈತಿ. ಇನ್ನ ಏನೇನ್ ಆಗಬೇಕಂತ ಮಾಡೀಯವ್ವ?”

ಎದುರು ಮನೆಯ ಮೆಕ್ಯಾನಿಕ್ ಚಾಚಾನ ಹತ್ತಿರ ಓಡಿದೆ. ಮುಸಲ್ಮಾನರ ಮನೆ, ಅಲ್ಲಿ ಈ ಕಟ್ಟುಪಾಡು ಇರುವುದಿಲ್ಲ ಎಂಬ ಧೈರ್ಯ. ನೋಡಿದರೆ ಗ್ಯಾರೇಜಿನಲ್ಲಿ ಪಾನಾ, ಇಕ್ಕಳಗಳಿಗೂ ಚೆಂಡುಹೂವಿನ ಹಾರ!

“ನಮ್ ಕೆಲಸದವ್ರು ಬಿಡ್ತಾರೇನವ್ವ? ಮನಿ ಕತ್ತರಿ, ಚಾಕೂನೂ ಪೂಜಿಗಿಟ್ಟಾರ. ನನ್ನ ಸ್ಕೂಟರಿಗೂ ಕುಂಬಳಕಾಯಿ ಒಡದಾರ” ಎಂದು ಚಾಚಾ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿ, ಒಳಗೆ ಹೋಗಿ ತಾನು ಗಡ್ಡ ಕೆರೆದುಕೊಳ್ಳುವ ಬ್ಲೇಡು ತಂದುಕೊಟ್ಟ. ಚಾಚಿ ತಾನು ಅಡಿಕೆ ಕತ್ತರಿಸುವ ಅಡಕೊತ್ತನ್ನೂ ಕೊಟ್ಟಳು.

ಅಂಗಡಿಯಿಂದ ತಂದ ಸಾಮಾನಿನಲ್ಲಿ ಗಿರಾಕಿ ಕೊಟ್ಟಿದ್ದ ಗರಿಗಳ ಕಟ್ಟಿತ್ತು. ಅಪ್ಪನ ಎದುರು ಕೂತು ಅದರಿಂದ ಮೊದಲ ಗರಿ ತೆಗೆದುಕೊಂಡೆ. ಗರಿಯ ದಂಟನ್ನು ಉದ್ದಕ್ಕೆ ಸೀಳಬೇಕು, ಆಮೇಲೆ ಒಂದು ಬದಿಯ ಎಳೆಗಳನ್ನು ಇಳಿಜಾರಾಗಿ ಕತ್ತರಿಸಬೇಕು. ಅಂಬಿನಲ್ಲಿ ಉಳಿದಿದ್ದ ಹಳೆಯ ಗರಿಯ ಚೂರು ನೋಡಿ ಇಷ್ಟು ತಿಳಿದಿತ್ತು. ಬ್ಲೇಡಿಗೆ ದಂಟು ಚೆನ್ನಾಗಿಯೇ ಸೀಳಿತು. ಎಳೆಗೆ ಬಂದಾಗ ಬ್ಲೇಡು ಅವನ್ನು ಕತ್ತರಿಸುವ ಬದಲು ಎಳೆದುಕೊಂಡು ಹೋಯಿತು. ಗರಿ ಹರಿದ ಚಾಪೆಯ ಹಾಗಾಯಿತು. ಅಡಕೊತ್ತು ಇನ್ನೂ ಚೆಂದ, ದಂಟನ್ನೇ ಜಜ್ಜಿ ಇಟ್ಟಿತು.

ಅಪ್ಪ ಎಡಗೈಯಿಂದ ಪೂಜೆಯ ಸಾಲನ್ನು ತೋರಿಸತೊಡಗಿದ. ಊಂ, ಊಂ.

“ದೊಡ್ಡ ಕತ್ತರೀನಾ ಅಪ್ಪಾ?”

ಊಂ.

“ಸಣ್ಣದಾ? ಚಾಕೂನಾ?”

ಊಂ. ಊಂ.

“ಯಾವ್ದಂತ ಸರಿಯಾಗಿ ತೋರಿಸಬಾರದಾ!” ಎಂದು ಕಿರುಚಿದೆ. ಆ ಬೆರಳು ಒಂದು ಕಡೆ ನಿಲ್ಲದೆ ಸಾಲಿನುದ್ದಕ್ಕೂ ಓಡಾಡುತ್ತಿತ್ತು. ಪಾಪ, ಅವನಾದರೂ ಏನು ಮಾಡಿಯಾನು? ಅವನ ತುಟಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಯಾವುದನ್ನು ಮೊದಲು ಒರೆಸಲಿ ಎಂದು ತಿಳಿಯದೆ ಸೆರಗು ಹಿಡಿದುಕೊಂಡು ಕೂತೆ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಸರಸರನೆ ಬಂದಳು, ದೇವರಿಗೆ ಕೈ ಕೂಡ ಮುಗಿಯಲಿಲ್ಲ, ಸಾಲಿನಿಂದ ದೊಡ್ಡ ಕತ್ತರಿಯನ್ನು ಎತ್ತಿದಳು.

“ಹಿಡಿಯೋ ಕೈನ ಬಿದ್ದುಹೋದ ಮ್ಯಾಲೆ ಕತ್ತರಿಗೇನು ಪೂಜಿ! ತಗೋಳ್ರಿ” ಎಂದು ಅಪ್ಪನ ಬಲಗೈಗೆ ಕೊಟ್ಟಳು. ಇಷ್ಟು ವರ್ಷದ ರೂಢಿ, ಆ ಕೈಗೇ ಕೊಟ್ಟಳು. ಕತ್ತರಿ ನೆಲಕ್ಕೆ ಬಿತ್ತು.

ಆಗ ನನಗೆ ಅರ್ಥವಾಯಿತು. ಯಾವ ಕತ್ತರಿ ಎಂದು ಅಪ್ಪ ನನಗೆ ಹೇಳಿಕೊಡುತ್ತಿರಲಿಲ್ಲ. ತನಗೆ ಕೊಡು ಎನ್ನುತ್ತಿದ್ದ. ಬಾಗಿ ಎಡಗೈಯಿಂದ ಕತ್ತರಿ ಎತ್ತಿಕೊಂಡ. ನಾನು ಗರಿಯನ್ನು ಬಿಗಿಯಾಗಿ ಹಿಡಿದು ಚಾಚಿದೆ. ಟೇಲರನ ಕತ್ತರಿ ಬಲಗೈಗೆಂದೇ ಮಾಡಿದ್ದು. ಎಡಗೈಗೆ ಅದರ ಅಲಗುಗಳು ಕೂಡುವುದಿಲ್ಲ, ಅಗಲುತ್ತವೆ. ಗರಿ ತುಂಡಾಗದೆ ನಡುವೆ ಮಡಚಿಕೊಂಡಿತು. ಇನ್ನೊಂದು ಕೊಟ್ಟೆ. ಅದೂ ಮಡಚಿಕೊಂಡಿತು. ಗರಿಗಳೆಲ್ಲ ಮುಗಿಯುವ ತನಕ ನಾನು ಹಿಡಿಯುತ್ತಲೇ ಹೋದೆ, ಅವನು ಮಡಚುತ್ತಲೇ ಹೋದ. ಸಾಕು ಅನ್ನುವ ಗಟ್ಟಿತನ ನನಗೂ ಬರಲಿಲ್ಲ, ಅವ್ವನಿಗೂ ಬರಲಿಲ್ಲ.

ಮರುದಿನ ಗೌಡರ ತಮ್ಮ ಬಂದು, ಗರಿಯಿಲ್ಲದ ಅಂಬನ್ನೇ ತೆಗೆದುಕೊಂಡು ಹೋದ. ಸಂಜೆ ಬನ್ನಿಸೊಪ್ಪು ಹಿಡಿದುಕೊಂಡು ಮೊದಲು ನಮ್ಮ ಮನೆಗೇ ಬಂದ. ಅಪ್ಪನ ಎಡಗೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ.

“ನೀವೇನೂ ಮನಸ್ಸಿಗೆ ಹಚ್ಕೋಬ್ಯಾಡ್ರಿ ಕಾಕಾ. ಗರಿ ಇಲ್ದಿದ್ರೂ ಅಂಬು ನೆಟ್ಟಗ ಹೋಗಿ ನೆಟ್ಟತು. ಬಾಳಿಕಂಬ ಎಷ್ಟ್ ದೂರ ಇರತೈತಿ? ಅದಕ್ಕ ಗರಿ ಬೇಕಂತನ ಇಲ್ಲ ನೋಡ್ರಿ.”

ಸಮಾಧಾನ ಮಾಡಲೆಂದೇ ಬಂದಿದ್ದ, ಒಳ್ಳೆಯ ಮನುಷ್ಯ. ಅವನನ್ನು ಬಯ್ಯಲು ನನ್ನ ಬಾಯಿಗೆ ಒಂದು ಮಾತೂ ಸಿಗಲಿಲ್ಲ. ಅಪ್ಪ ತಲೆಯಾಡಿಸಿದ, ಬಂದವರಿಗೆ ಮರ್ಯಾದೆ ಕೊಡಬೇಕಲ್ಲ ಎನ್ನುವ ಹಾಗೆ.

ಮುಂದಿನ ವರ್ಷದ ಆಯುಧಪೂಜೆಗೂ ನಾನು ಊರಲ್ಲಿದ್ದೆ. ಅವ್ವ ಎಲ್ಲವನ್ನೂ ತೊಳೆದು ಜೋಡಿಸುವಾಗ ಅಪ್ಪ ದೊಡ್ಡ ಕತ್ತರಿಯನ್ನು ಮಾತ್ರ ಇಡಗೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲಿಗೆ ಮುಖಮಾಡಿ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಓಣಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಕತ್ತರಿಯ ಹಿಡಿಯೊಳಗೆ ಎಡಗೈಯ ಹೆಬ್ಬೆರಳು ತೂರಿಸುತ್ತಿದ್ದ. ದೀಪ ಹಚ್ಚುವ ಹೊತ್ತಾದರೂ ಯಾರೂ ಬರಲಿಲ್ಲ. ಆಮೇಲೆ ತಾನೇ ಗೋಡೆ ಹಿಡಿದುಕೊಂಡು ಎದ್ದು, ಕಾಲೆಳೆಯುತ್ತ ಹೋಗಿ, ಕತ್ತರಿಯನ್ನು ಪೂಜೆಗೆ ಇಟ್ಟ.