ಇಳಿಯುವ ಜಾಗ ಮೊದಲು

ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಗಾಲಿಕುರ್ಚಿಯಲ್ಲಿ ಕೂತಿದ್ದರೆ ಜನ ಕೇಳುವುದು ಒಂದೇ ಪ್ರಶ್ನೆ: "ಲಿಫ್ಟಿಂದ ಬಿದ್ರಾ?" ಕೇಳಿದ ಕೂಡಲೇ ಲಿಫ್ಟಜ್ಜನಿಗೆ ಮೈ ಉರಿಯುತ್ತಿತ್ತು. "ನಾನು ನೋಡ್ಕೊಂಡ ಲಿಫ್ಟು ಯಾರನ್ನೂ ಬೀಳ್ಸಿಲ್ಲ. ಬೆನ್ನುಹುರೀಲಿ ಗಂಟಾಗಿತ್ತು, ತೆಗೆದ್ರು, ಕಾಲು ಹೋಯ್ತು. ಅಷ್ಟೇ."

ಲಿಫ್ಟಜ್ಜ ಎಂಬುದು ಮೊಮ್ಮಗಳ ಗೆಳತಿಯರು ಇಟ್ಟ ಹೆಸರು. ಅದರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಒಂದು ಸಿನಿಮಾ ಮಂದಿರದ ಮೆಟ್ಟಿಲಿನ ಮೇಲೆ. ಅಲ್ಲಿ ನಾಲ್ವರು ಅಪರಿಚಿತರು "ಹಿಡೀರಿ, ಎತ್ರಿ" ಎನ್ನುತ್ತ, ಬೀರು ಸಾಗಿಸುವ ಹಾಗೆ ಅವನನ್ನು ಕುರ್ಚಿ ಸಮೇತ ಮೇಲಕ್ಕೆ ಹೊತ್ತಿದ್ದರು. ಒಳ್ಳೆಯ ಮನಸ್ಸಿನವರೇ. ಆದರೆ ಮೇಲೆ ಮುಟ್ಟುವಷ್ಟರಲ್ಲಿ ಒಂದು ಚಪ್ಪಲಿ ಕೆಳಗೆ ಬಿದ್ದು, ಅಂಗಿ ಎದೆವರೆಗೆ ಸರಿದು, ಸಾಲಿನಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಅಂದಿನಿಂದ ಎಂಟು ತಿಂಗಳು ಅವನು ಆಸ್ಪತ್ರೆ ಬಿಟ್ಟರೆ ಮತ್ತೆಲ್ಲಿಗೂ ಹೊರಟಿರಲಿಲ್ಲ.

ಹಾಗಿರುವಾಗ ಎಂಟು ವರ್ಷದ ಮೊಮ್ಮಗಳು ಥೀಮ್ ಪಾರ್ಕಿಗೆ ಹೋಗಬೇಕೆಂದು ಹಟ ಹಿಡಿದಳು. ಅಜ್ಜ ಬಾರದಿದ್ದರೆ ತಾನೂ ಹೋಗಲೊಲ್ಲಳು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಫೋನು ನೋಡಿಕೊಳ್ಳುತ್ತಿದ್ದ ಮಗಳು ಪಾರ್ಕಿಗೇ ಫೋನು ಮಾಡಿದಳು.

"ಅಪ್ಪಾ, ವೀಲ್‌ಚೇರಿನವ್ರಿಗೆ ಯಾವ ಯಾವ ರೈಡ್ ಆಗುತ್ತೆ ಅಂತ ಬೇರೆ ಪಟ್ಟೀನೇ ಇದೆಯಂತೆ."

"ಪಟ್ಟಿ ಇದೆಯಾ? ಹಾಗಾದ್ರೆ ನೋಡೋಣ," ಎಂದ.

ಎರಡು ವರ್ಷ ಅವನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಜರುಗಿಸಿ ಅಜ್ಜಿಯ ಸೊಂಟ ಹಿಡಿದುಹೋಗಿತ್ತು. ಅಲ್ಲಿ ಇವರನ್ನು ಎತ್ತುವವರು ಯಾರು ಎಂಬ ಚಿಂತೆಯಲ್ಲೇ ಅವಳು ಚೀಲ ತುಂಬಿದಳು.

ಪಾರ್ಕಿನ ಬಾಗಿಲಲ್ಲಿ ಕೊಟ್ಟ ಹಾಳೆಯಲ್ಲಿ ಮೂರು ಬಣ್ಣಗಳಿದ್ದವು. ಹಸಿರಾದರೆ ಕುರ್ಚಿ ಸಮೇತ ಹೋಗಬಹುದು. ಹಳದಿಯಾದರೆ ಕುರ್ಚಿ ಬಿಟ್ಟು ಸೀಟಿಗೆ ಜರುಗಬೇಕು. ಕೆಂಪಾದರೆ ಆ ಕಡೆ ಸುಳಿಯಲೇಬಾರದು. ಅಜ್ಜ ಕನ್ನಡಕ ಏರಿಸಿಕೊಂಡು ಹಾಳೆಯನ್ನು ಎರಡು ಸಲ ಓದಿದ. ಆಮೇಲೆ ಯಾವ ರೈಡಿಗೆ ಹೋದರೂ ಸಾಲಿನ ಕಡೆ ತಿರುಗಲೇ ಇಲ್ಲ, ನೇರವಾಗಿ ಹಿಂಬದಿಗೆ ಕುರ್ಚಿ ಓಡಿಸಿದ.

"ಅಜ್ಜಾ, ಹತ್ತೋದು ಈ ಕಡೆ!"

"ಹತ್ತೋ ಜಾಗಾನ ಎಲ್ರೂ ಚೆಂದ ಮಾಡಿರ್ತಾರೆ ಪುಟ್ಟೀ. ನಾವು ಇಳಿಯೋ ಜಾಗ ನೋಡ್ಬೇಕು."

ನೋಡಿದ ಮೇಲೆ ಅಲ್ಲಿಯ ಸಿಬ್ಬಂದಿಯನ್ನು ಒಂದೇ ಮಾತು ಕೇಳುತ್ತಿದ್ದ: "ಮಧ್ಯದಲ್ಲಿ ಕರೆಂಟ್ ಹೋದ್ರೆ ನನ್ನನ್ನ ಹೇಗೆ ಇಳಿಸ್ತೀರಿ?" ಪುಟ್ಟ ರೈಲು ನಡೆಸುವ ಹೆಂಗಸು ಕೊನೆಯ ಡಬ್ಬಿಯಿಂದ ಹಲಗೆ ಎಳೆದು ತೋರಿಸಿದಳು. ಇಬ್ಬರೇ ಸಾಕು, ಕುರ್ಚಿ ಉರುಳಿಕೊಂಡೇ ಇಳಿಯುತ್ತದೆ. ಅಜ್ಜ ತಲೆಯಾಡಿಸಿದ. ಎಲ್ಲರೂ ರೈಲಿನಲ್ಲಿ ಒಂದು ಸುತ್ತು ಬಂದರು.

ನೀರಿನ ದೋಣಿ ಹಳದಿ. ದೋಣಿ ನಿಲ್ಲುವುದೇ ಇಲ್ಲ, ತೇಲುತ್ತಿರುವಾಗಲೇ ಕಾಲಿಟ್ಟು ಇಳಿಯಬೇಕು.

"ಯೋಚ್ನೆ ಮಾಡ್ಬೇಡಿ ಸಾರ್," ಎಂದ ಅಲ್ಲಿಯ ದಪ್ಪ ಮೀಸೆಯವನು, "ನಾವು ನಾಲ್ಕು ಜನ ಸೇರಿ ಎತ್ತಿ ಕೂರಿಸ್ತೀವಿ."

"ಬೇಡಪ್ಪಾ. ನಿಮ್ಮ ಉಪಕಾರ ದೊಡ್ಡದು."

ಮೊಮ್ಮಗಳ ಮುಖ ಸಣ್ಣದಾಯಿತು. ಅಜ್ಜ ಹೆಂಡತಿಯ ಕಡೆ ತಿರುಗಿದ. "ಏ ಇವಳೇ, ನೀನೂ ಹೋಗು ಅವರಿಬ್ರ ಜೊತೆ."

"ನಾನಾ? ನಿಮ್ಮನ್ನ ಬಿಟ್ಟು?"

"ನಾನೇನು ಓಡಿ ಹೋಗ್ತೀನಾ?"

ಅವಳಿಗೂ ನಗು ತಡೆಯಲಾಗಲಿಲ್ಲ. ಚೀಲ, ನೀರಿನ ಬಾಟಲಿ, ಮೂವರ ಚಪ್ಪಲಿ ಎಲ್ಲವೂ ಅಜ್ಜನ ತೊಡೆಯ ಮೇಲೆ ಕೂತವು. ಸ್ವಲ್ಪ ಹೊತ್ತಿಗೆ ಅಜ್ಜಿ ತಲೆಯಿಂದ ಕಾಲಿನವರೆಗೆ ನೆನೆದು, ಮಗಳನ್ನೂ ಮೊಮ್ಮಗಳನ್ನೂ ಹಿಡಿದುಕೊಂಡು, ಕಿರುಚುತ್ತ, ನಗುತ್ತ ಬಂದಿಳಿದಳು. ಅವಳು ಹಾಗೆ ನಕ್ಕದ್ದನ್ನು ಅಜ್ಜ ನೋಡಿ ಎರಡು ವರ್ಷದ ಮೇಲಾಗಿತ್ತು.

ಉಳಿದದ್ದು ಜೈಂಟ್ ವೀಲ್. ಒಂದೇ ಒಂದು ತೊಟ್ಟಿಲಿಗೆ ಅಗಲ ಬಾಗಿಲು, ಒಳಗೆ ಕುರ್ಚಿಯ ಗಾಲಿ ಕಟ್ಟುವ ಪಟ್ಟಿ. ಅದನ್ನು ನಡೆಸುತ್ತಿದ್ದ ಹೆಂಗಸು ಅಜ್ಜನ ಪ್ರಶ್ನೆಗೆ ಜನರೇಟರ್ ತೋರಿಸಿದಳು, ಅದೂ ಕೈಕೊಟ್ಟರೆ ಚಕ್ರವನ್ನು ಕೈಯಿಂದ ತಿರುಗಿಸುವ ಹಿಡಿಯನ್ನೂ ತೋರಿಸಿದಳು. "ದಿನಾ ಬೆಳಿಗ್ಗೆ ತಿರುಗಿಸಿ ನೋಡ್ತೀವಿ ಸಾರ್."

"ಸಾಕಮ್ಮ. ಬಾಗಿಲು ತೆಗಿ."

ನಾಲ್ವರೂ ಹತ್ತಿದ ತೊಟ್ಟಿಲು ತುದಿಗೆ ಹೋದಾಗ ಚಕ್ರ ನಿಂತಿತು. ಅಜ್ಜಿ ಬಗ್ಗಿ ಕೆಳಗೆ ನೋಡಿದಳು. "ಏನೂಂದ್ರೆ, ಕೆಟ್ಟೋಯ್ತಾ?"

ಅಜ್ಜ ಕಿವಿಗೊಟ್ಟು ಕೇಳಿದ. "ಇಲ್ಲ ಕಣೇ. ಮೆತ್ತಗೆ ಬ್ರೇಕ್ ಹಿಡಿದ್ರು. ಕೆಳಗೆ ಜನ ಹತ್ತಿಸ್ತಿದ್ದಾರೆ." ಅಷ್ಟರಲ್ಲಿ ಚಕ್ರ ಮತ್ತೆ ಹೊರಟಿತು.

ಇಳಿಯುವಾಗ ತೊಟ್ಟಿಲು ಕಟ್ಟೆಗಿಂತ ಎರಡು ಬೆರಳು ಮೇಲೆ ನಿಂತಿತು. ಎತ್ತಬೇಕೇನೋ ಎಂದು ಮಗಳು ಕುರ್ಚಿಗೆ ಕೈ ಹಾಕಿದಳು.

"ಮುಟ್ಬೇಡ," ಎಂದ ಅಜ್ಜ. ಹೊರಗೆ ಕೂಗಿದ: "ಒಂಚೂರು ಕೆಳಗೆ ಬಿಡಮ್ಮಾ. ಇನ್ನೊಂಚೂರು. ಹಾಂ, ನಿಲ್ಸು!"

ತೊಟ್ಟಿಲೂ ಕಟ್ಟೆಯೂ ಸಮವಾದವು. ಅವನು ಎರಡೂ ಕೈಯಿಂದ ಗಾಲಿ ತಳ್ಳಿಕೊಂಡು ತಾನೇ ಹೊರಗೆ ಬಂದ. ಅಂಗಿ ಇದ್ದಲ್ಲೇ ಇತ್ತು. ಯಾರೂ ತಿರುಗಿ ನೋಡಲಿಲ್ಲ, ಮುಂದಿನವರು ಹತ್ತುವ ಗಡಿಬಿಡಿಯಲ್ಲಿದ್ದರು.

ಅಜ್ಜಿ ಪಕ್ಕದ ಬೆಂಚಿನ ಮೇಲೆ ಕೂತು ಉದ್ದನೆಯ ಉಸಿರು ಬಿಟ್ಟಳು. "ಇಲ್ಲಿಗೆ ಬಂದಾಗಿಂದ ನಿಮ್ಮನ್ನ ಒಂದ್ಸಲಾನೂ ಎತ್ತಿಲ್ಲ ಕಣ್ರೀ," ಎಂದಳು, ತನಗೇ ನಂಬಿಕೆ ಬಾರದವಳ ಹಾಗೆ.

"ಹೌದಲ್ಲ," ಎಂದ ಅವನು, ಅವಳ ಒದ್ದೆ ಕೂದಲಿಗೆ ಚೀಲದಿಂದ ಟವೆಲು ತೆಗೆದು ಕೊಡುತ್ತ. "ಹಾಳೇಲಿ ಇನ್ನೂ ಎರಡು ಹಸಿರು ಉಳಿದಿವೆ. ತಲೆ ಒರೆಸ್ಕೋ, ಹೋಗೋಣ."